ಒಂಟಿ ಎಲೆ ಹಾಕದ ಹೋಟೆಲು

ನಾನು ಆ ಊರಿಗೆ ಹೋದದ್ದು ಮೈ ಇಳಿಸಲು. ಊಟಕ್ಕೆ ಹೆಸರಾದ ಊರಿಗೆ ಮೈ ಇಳಿಸಲು ಹೋದವಳು ಬಹುಶಃ ನಾನೊಬ್ಬಳೇ ಇರಬೇಕು. ಬಸ್ಸಿನಲ್ಲಿದ್ದವರೆಲ್ಲ ಅಲ್ಲಿ ಏನೇನು ತಿನ್ನಬೇಕೆಂದು ಬಾಯಿ ಚಪ್ಪರಿಸುತ್ತಿದ್ದರು. ನಾನು ಮಡಿಲಲ್ಲಿ ಹೆಸರುಕಾಳಿನ ಡಬ್ಬಿ, ಚೀಲದಲ್ಲಿ ಸ್ಕಿಪ್ಪಿಂಗ್ ಹಗ್ಗ ಇಟ್ಟುಕೊಂಡು ಕಿಟಕಿ ಪಕ್ಕ ನೆಟ್ಟಗೆ ಕೂತಿದ್ದೆ. ನನ್ನ ಹೆಸರು ದಾಕ್ಷಾಯಣಿ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಖೊಖೊ ಟೀಮು ಕಟ್ಟುವುದರಲ್ಲೇ ಅರ್ಧ ಆಯುಷ್ಯ ಕಳೆದವಳು. ಹಿಡಿದ ಕೆಲಸವನ್ನು ನಾನು ಅರ್ಧಕ್ಕೆ ಬಿಟ್ಟದ್ದನ್ನು ಯಾರೂ ನೋಡಿಲ್ಲ, ನಾನೂ ನೋಡಿಲ್ಲ.

ಆ ಊರಿನ ದೊಡ್ಡಾಸ್ಪತ್ರೆಯಲ್ಲಿ ನನ್ನ ತಂಗಿ ಶಶಿಕಲಾ ಮಲಗಿದ್ದಳು. ಅವಳ ಲಿವರ್ ಕೈಕೊಟ್ಟಿತ್ತು. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ಕೈಕಾಲು ಕಡ್ಡಿಯಾಗಿದ್ದವು. ಹತ್ತಿರದವರು ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಉಳಿಯುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದರು. ಅವಳಿಗೆ ಗಂಡ ಹೋಗಿ ವರ್ಷಗಳಾದವು, ಮಗಳಿನ್ನೂ ಶಾಲೆಗೆ ಹೋಗುವವಳು. ನಾನು ಕೊಡುತ್ತೇನೆ ಎಂದೆ. ಒಂದು ದಿನದ ಮಟ್ಟಿಗೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಿಕೊಂಡೆ. ರಕ್ತ ಹೊಂದಿತು, ಉಳಿದದ್ದೆಲ್ಲ ಹೊಂದಿತು. ಕೊನೆಗೆ ಸ್ಕ್ಯಾನ್ ನೋಡಿದ ಡಾಕ್ಟರ್ ನಿಖತ್ ಕನ್ನಡಕವನ್ನು ಹಣೆಗೇರಿಸಿದರು.

"ಟೀಚರೇ, ನಿಮ್ಮ ಲಿವರಲ್ಲಿ ಕೊಬ್ಬು ತುಂಬಿಕೊಂಡಿದೆ. ಹೀಗೇ ಇದ್ರೆ ನಾನು ಕತ್ತರಿ ಮುಟ್ಟೋದಿಲ್ಲ. ಕೊಡುವವರಿಗೂ ಅಪಾಯ, ತೆಗೆದುಕೊಳ್ಳುವವರಿಗೂ ಅಪಾಯ. ಒಂದು ತಿಂಗಳು ಕೊಡ್ತೇನೆ, ಕರಗಿಸಿಕೊಂಡು ಬನ್ನಿ. ಅದಕ್ಕಿಂತ ಹೆಚ್ಚು ಕಾಯಲಿಕ್ಕೆ ನಿಮ್ಮ ತಂಗಿಗೆ ಆಗುವುದಿಲ್ಲ."

ಇಷ್ಟು ವರ್ಷ ಮಕ್ಕಳಿಗೆ ಓಡಿ ಓಡಿ ಎಂದು ಕೂಗುತ್ತ, ನಾನು ಮಾತ್ರ ಮೈದಾನದ ಬೆಂಚಿನ ಮೇಲೆ ಕೂತು ತಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳೆಲ್ಲ ಎಲ್ಲಿ ಹೋಗಿ ಸೇರಿದ್ದವು ಎಂದು ಆಗ ಗೊತ್ತಾಯಿತು. ಆದರೆ ಅಳುತ್ತ ಕೂರುವ ಜಾತಿ ನನ್ನದಲ್ಲ. ಶಾಲೆಗೆ ರಜೆ ಹಾಕಿದೆ, ತಂಗಿಯ ಮಗಳನ್ನು ನನ್ನ ಮನೆಯವರ ಕೈಗೆ ಒಪ್ಪಿಸಿದೆ, ಬಸ್ಸು ಹತ್ತಿದೆ.

ಆಸ್ಪತ್ರೆಯ ಎದುರಿಗೇ ಐತಾಳರ ಹೋಟೆಲು. ಕೆಳಗೆ ಊಟದ ಹಾಲ್, ಮೇಲೆ ಬಾಡಿಗೆಯ ಕೋಣೆಗಳು. ಅಲ್ಲೊಂದು ಕೋಣೆ ಹಿಡಿದು ಊಟಕ್ಕೆ ಇಳಿದೆ. ಐತಾಳರು ಗುಂಡಗಿನ ಮನುಷ್ಯ, ಹೆಗಲ ಮೇಲೆ ಬೈರಾಸು ಎನ್ನುವ ಟವೆಲು, ಮುಖದ ತುಂಬ ನಗು. ನಾನು ಮೂಲೆಯ ಮೇಜಿಗೆ ಹೋಗಿ ಕೂತೆ. ಅವರು ಓಡಿ ಬಂದರು.

"ಇಲ್ಲಿ ಒಂಟಿ ಎಲೆ ಹಾಕುವ ಕ್ರಮ ಇಲ್ಲ ಅಮ್ಮ. ಬನ್ನಿ, ಈ ಪಂಕ್ತಿಯಲ್ಲಿ ಕೂತ್ಕೊಳ್ಳಿ. ಮೊದಲ ಊಟಕ್ಕೆ ನಾನೂ ನಿಮ್ಮ ಜೊತೆ ಕೂರ್ತೇನೆ, ಅದು ನಮ್ಮ ಪದ್ಧತಿ."

ಪಂಕ್ತಿಯಲ್ಲಿ ಆಗಲೇ ಇಬ್ಬರಿದ್ದರು. ಒಬ್ಬರು ಲಾರಿ ಬ್ರೋಕರ್ ಬಾಬಣ್ಣ, ಎತ್ತರಕ್ಕೂ ಅಗಲಕ್ಕೂ ಕಡಿಮೆಯಿಲ್ಲದ ಆಳು. ಇನ್ನೊಬ್ಬರು ಜಲಜಕ್ಕ, ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿದುಕೊಂಡು ಅದೇ ಹೋಟೆಲಿನ ಮೇಲಿನ ಕೋಣೆಯಲ್ಲಿ ಕಾಯಂ ಆಗಿ ಇರುವವರು. ನಾನು ಎಲ್ಲದಕ್ಕೂ ಬೇಡ ಬೇಡ ಎಂದು ಕೈ ಅಡ್ಡ ಹಿಡಿದು, ಒಂದು ಸೌಟು ಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ ಇಷ್ಟೇ ತೆಗೆದುಕೊಂಡೆ. ಏಳುವ ಹೊತ್ತಿಗೆ ಮದುವೆ ಊಟ ಹೊಡೆದವಳಂತೆ ಹೊಟ್ಟೆ ಬಿಗಿದಿತ್ತು, ತೇಗು ಬೇರೆ ಬಂತು. ಪಕ್ಕಕ್ಕೆ ತಿರುಗಿದರೆ ಬಾಬಣ್ಣ ಇನ್ನೊಂದು ಉದ್ದಿನವಡೆಯನ್ನು ಸಾಂಬಾರಿನಲ್ಲಿ ಅದ್ದುತ್ತಿದ್ದರು.

"ನಿಮ್ಮ ಊರಲ್ಲಿ ಹೀಗೆ ಇಲ್ವಾ?" ಜಲಜಕ್ಕನಿಗೇ ಆಶ್ಚರ್ಯ. "ಒಬ್ಬರು ಉಂಡದ್ದು ಪಂಕ್ತಿಗೆಲ್ಲ ಸಮ ಅಲ್ವಾ? ಬೇರೆ ಪಂಕ್ತಿಯಲ್ಲಿ ಕೂರುವವರೆಗೆ ನೀವು ಎಲ್ಲಿಗೆ ಹೋದರೂ ಈ ಪಂಕ್ತಿಯವರೇ. ರುಚಿ ಮಾತ್ರ ಪೂರ್ತಿ ಬರುದಿಲ್ಲ, ಒಂಚೂರು ಸುಳಿವು ಸಿಗ್ತದೆ. ಅಭ್ಯಾಸ ಆದ್ಮೇಲೆ ಯಾರು ತಿಂದದ್ದು ಅಂತಲೂ ಗೊತ್ತಾಗ್ತದೆ."

ಆ ಊರಿನವರಿಗೆ ಇದರಲ್ಲಿ ವಿಶೇಷವೇನೂ ಇರಲಿಲ್ಲ. ಹಲ್ಲು ಕೀಳಿಸಿಕೊಂಡವರು ಗಟ್ಟಿ ಹಲ್ಲಿನವರ ಪಂಕ್ತಿ ಹುಡುಕಿಕೊಂಡು ಹೋಗುತ್ತಿದ್ದರು. ಸೊಪ್ಪು ಕಂಡರೆ ಓಡುವ ಮೊಮ್ಮಕ್ಕಳನ್ನು ಅಜ್ಜಿಯರು ಪಕ್ಕದಲ್ಲಿ ಕೂರಿಸಿಕೊಂಡು ಸೊಪ್ಪನ್ನು ತಾವೇ ತಿಂದು ಮುಗಿಸುತ್ತಿದ್ದರು. ಗಂಡಿನ ಕಡೆಯವರು ಹೆಣ್ಣಿಗೆ ಹಾಡು ಬರುತ್ತದೆಯೇ ಎಂದು ಕೇಳುತ್ತಿರಲಿಲ್ಲ, ಅವಳ ಮನೆಯವರು ಏನು ತಿನ್ನುತ್ತಾರೆ ಎಂದು ವಿಚಾರಿಸುತ್ತಿದ್ದರು. ಕುಡುಕರಿಗೆ ಯಾವ ಪಂಕ್ತಿಯಲ್ಲೂ ಜಾಗ ಸಿಗುತ್ತಿರಲಿಲ್ಲ. ಆಸ್ತಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರಿಬ್ಬರು ಹಠಕ್ಕೆ ಬಿದ್ದು ಇನ್ನೂ ಒಂದೇ ಪಂಕ್ತಿಯವರಾಗಿದ್ದರು. ಸಿಟ್ಟು ಬಂದಾಗ ಅಣ್ಣ ತನ್ನ ಮನೆಯಲ್ಲಿ ಕೂತು ಹಸಿಮೆಣಸಿನಕಾಯಿ ಕಡಿಯುತ್ತಿದ್ದ, ಬಟ್ಟೆ ಅಂಗಡಿಯಲ್ಲಿ ತಮ್ಮ ಗಿರಾಕಿಗಳೆದುರು ಬಿಕ್ಕಳಿಸುತ್ತಿದ್ದ. ಅಣ್ಣನ ಕಣ್ಣಲ್ಲೂ ನೀರು ಬರುತ್ತಿತ್ತು, ಆದರೂ ಬಿಡುತ್ತಿರಲಿಲ್ಲ.

ಸರಿ, ಹೊಸ ಮೈದಾನಕ್ಕೆ ಹೊಸ ನಿಯಮ. ನಾನು ಮರುದಿನ ಬೆಳಿಗ್ಗೆಯೇ ಬಾಬಣ್ಣನನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡೆ.

"ನೋಡ್ರೀ, ನಾನು ಪಥ್ಯದಲ್ಲಿದ್ದೀನಿ. ಒಂದು ತಿಂಗಳು ನೀವು ಕರಿದದ್ದು ತಿನ್ನೋ ಹಾಗಿಲ್ಲ. ವಡೆ ಇಲ್ಲ, ಬೋಂಡಾ ಇಲ್ಲ, ಸಕ್ಕರೆ ಚಹಾ ಇಲ್ಲ."

"ಅಯ್ಯೋ, ಮತ್ತೆ ನಾನು ಎಂತ ತಿನ್ನುದು ಟೀಚರೇ?"

"ರೊಟ್ಟಿ, ಸೊಪ್ಪು, ಕಾಳು. ನಿಮ್ಮ ಹೊಟ್ಟೆಗೂ ಒಳ್ಳೇದು. ಬೆಲ್ಟಿನ ಕೊನೇ ತೂತಿಗೆ ಬಂದಿದ್ದೀರಿ, ಕಾಣಿಸ್ತಿದೆ ನನಗೆ."

ಅವರು ಬೆಲ್ಟು ನೋಡಿಕೊಂಡರು, ನನ್ನ ಮುಖ ನೋಡಿದರು, ಒಪ್ಪಿದರು. ನನ್ನ ದನಿಗೆ ಒಪ್ಪದವರು ಕಡಿಮೆ. ಯಾಕೆ ಪಥ್ಯ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ತಂಗಿಯ ಕಾಯಿಲೆಯನ್ನು ಕಂಡಕಂಡವರ ಮುಂದೆ ಹರಡಿ ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ನನಗೆ ಆಗಿಬರುವುದಿಲ್ಲ.

ಹೋಟೆಲಿನಲ್ಲಿದ್ದುಕೊಂಡು ಪಥ್ಯ ಮಾಡಲಾಗುವುದಿಲ್ಲ ಎನ್ನುವವರು ಹೋಟೆಲಿನ ಅಡುಗೆಮನೆಗೆ ಕಾಲಿಟ್ಟವರಲ್ಲ. ಬಡಿಸುವವನ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ, ಅಷ್ಟು ಹೊತ್ತಿಗೆ ಎಣ್ಣೆ, ಕಾಯಿತುರಿ ಎಲ್ಲ ಬಿದ್ದಾಗಿರುತ್ತದೆ. ನಾನು ಬೆಳಿಗ್ಗೆ ಬೇಗ ಒಲೆಯ ಹತ್ತಿರವೇ ಹೋಗಿ ನಿಲ್ಲುತ್ತಿದ್ದೆ. ಸೊಪ್ಪು ಬೆಂದ ಕೂಡಲೇ, ಒಗ್ಗರಣೆ ಬೀಳುವ ಮೊದಲು ನನ್ನ ಪಾಲು ಎತ್ತಿಡಿಸುತ್ತಿದ್ದೆ. ಇಡ್ಲಿಯ ಹಬೆಯಲ್ಲೇ ನನ್ನ ಮೊಳಕೆಕಾಳು ಬೇಯುತ್ತಿತ್ತು. ಬೆಳಿಗ್ಗೆ ಸಕ್ಕರೆಯಿಲ್ಲದ ರಾಗಿಗಂಜಿ, ಮಧ್ಯಾಹ್ನ ಒಂದೇ ರೊಟ್ಟಿ, ಸೌತೆಕಾಯಿ, ಹಾಗಲಕಾಯಿ, ರಾತ್ರಿ ಕಾಳಿನ ಕಟ್ಟು. ಊಟವಾದ ಮೇಲೆ ಹೋಟೆಲಿನ ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು ಬೆವರು ಸುರಿಸುತ್ತಿದ್ದೆ. ಪಂಕ್ತಿಯಲ್ಲಿ ಊಟ ಹಂಚಿಕೆಯಾಗುತ್ತಿತ್ತೇ ಹೊರತು ಬೆವರು ಅವರವರದ್ದೇ ಆಗಿತ್ತು.

ಮೊದಲ ಎರಡು ದಿನ ಹಾಗಲಕಾಯಿ ನುಂಗುವಾಗ ಕಣ್ಣಲ್ಲಿ ನೀರು ಬಂತು. ಆಮೇಲೆ ಒಂದು ವಿಚಿತ್ರ ನಡೆಯಿತು. ಊಟ ರುಚಿಯಾಗತೊಡಗಿತು. ಒಣ ರೊಟ್ಟಿ ಮುರಿದು ಬಾಯಿಗಿಟ್ಟರೆ ಎಲ್ಲೋ ಒಂದು ತುಪ್ಪದ ಘಮ. ಹಾಗಲಕಾಯಿಯ ಹಿಂದೆ ಹಿತವಾದ ಸಿಹಿ. ನಾಲಿಗೆಗೆ ಪಥ್ಯ ಒಗ್ಗಿದರೆ ಸಪ್ಪೆಯೂ ಸಿಹಿಯಾಗುತ್ತದೆ ಎಂದು ಡಾಕ್ಟರ್ ನಿಖತ್ ಹೇಳಿದ್ದು ನೆನಪಾಗಿ ನನ್ನ ಬಗ್ಗೆ ನನಗೇ ಹೆಮ್ಮೆಯೆನಿಸಿತು.

"ಏನ್ ರುಚಿ ಅಂತೀರಿ ಇವತ್ತಿನ ಊಟ!" ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳುತ್ತಿದ್ದೆ. "ಮನಸ್ಸು ಗಟ್ಟಿ ಮಾಡಿದ್ರೆ ನಾಲಿಗೆ ತಾನಾಗೇ ದಾರಿಗೆ ಬರುತ್ತೆ, ನೋಡ್ಕೊಳ್ಳಿ."

ಬಾಬಣ್ಣ ಮತ್ತು ಜಲಜಕ್ಕ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಐತಾಳರ ಮುಖವಂತೂ ಅರಳಿ ಹೋಗುತ್ತಿತ್ತು. ನನ್ನ ಸಾಧನೆ ನೋಡಿ ಖುಷಿಪಡುತ್ತಿದ್ದಾರೆ ಎಂದುಕೊಂಡೆ.

ಸಂಜೆ ಶಶಿಯ ಹತ್ತಿರ ಹೋದಾಗಲೂ ಇದೇ ಜಂಬ. ಅವಳು ದಿಂಬಿಗೊರಗಿ, ನನ್ನ ಕೈ ಹಿಡಿದು, ಕೇಳಿಸಿಕೊಳ್ಳುತ್ತಿದ್ದಳು. ಆ ಕೈಯಲ್ಲಿ ಎಲುಬು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

"ಅಕ್ಕ, ಬಜ್ಜಿ ಇಲ್ದೆ ನೀನು ಒಂದು ವಾರ ಇದ್ದೀಯಾ ಅಂದ್ರೆ ಊರಲ್ಲಿ ಯಾರೂ ನಂಬಲ್ಲ ಕಣೇ."

"ನಂಬದಿದ್ರೆ ಬಿಡ್ಲಿ. ನನ್ನ ಲಿವರ್ ನಂಬಿದ್ರೆ ಸಾಕು."

"ಆಗ್ದಿದ್ರೂ ಬೇಜಾರಿಲ್ಲ ಅಕ್ಕ. ಪಾಪುನ ಓದಿಸು, ಅಷ್ಟು ಸಾಕು ನಂಗೆ."

"ಬಾಯ್ಮುಚ್ಚು. ಅವಳನ್ನ ನೀನೇ ಓದಿಸ್ತೀಯಾ. ನನಗೆ ಬೇರೆ ಕೆಲಸ ಇದೆ."

ಹೊರಗೆ ಬಂದ ಮೇಲೆ ಮಾತ್ರ ಕಾರಿಡಾರಿನ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತೆ. ಅವಳು ಹೋಗಿಬಿಟ್ಟರೆ ಎಂಬ ಭಯ ನನಗಿತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನನ್ನಿಂದ ಆಗದೆ ಹೋದರೆ ಎಂಬ ಅನುಮಾನ ಆಗಿನ್ನೂ ಬಂದಿರಲಿಲ್ಲ.

ಅದು ಬಂದದ್ದು ತಿಂಗಳ ನಡುವಿನ ಸ್ಕ್ಯಾನಿನ ದಿನ. ಡಾಕ್ಟರ್ ನಿಖತ್ ಪರದೆಯನ್ನು ಎರಡೆರಡು ಸಲ ನೋಡಿದರು. ತೂಕದ ಯಂತ್ರದ ಮೇಲೆ ನನ್ನನ್ನು ಮತ್ತೆ ಹತ್ತಿಸಿದರು. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಕದ್ದು ತಿಂತಾ ಇದ್ದೀರಿ."

"ಏನಂದ್ರಿ?"

"ತೂಕ ಒಂದಿಷ್ಟೂ ಇಳಿದಿಲ್ಲ. ಲಿವರ್ ಇದ್ದ ಹಾಗೇ ಇದೆ. ಇದು ಪಥ್ಯ ಮಾಡಿದವರ ಲಿವರ್ ಅಲ್ಲ ಟೀಚರೇ. ಆಸೆಗೆ ತಿಂದಿದ್ರೆ ನನ್ನ ಹತ್ತಿರವಾದ್ರೂ ಹೇಳಿಬಿಡಿ, ನಾನು ಬೈಯುವುದಿಲ್ಲ. ಬೇರೆ ದಾರಿ ಹುಡುಕಲಿಕ್ಕೆ ಸ್ವಲ್ಪ ಸಮಯ ಆದ್ರೂ ಸಿಗ್ತದೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೇರೆ ದಾರಿ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು. ರಸ್ತೆ ದಾಟುವಾಗ ಆಟೋದವನೊಬ್ಬ ಬೈದದ್ದೂ ಕಿವಿಗೆ ಬೀಳಲಿಲ್ಲ. ನೇರ ಹೋಟೆಲಿಗೆ ಹೋಗಿ, ಪೇಪರು ಓದುತ್ತಿದ್ದ ಬಾಬಣ್ಣನ ಎದುರು ನಿಂತೆ.

"ಮಾತು ಕೊಟ್ಟು ಮೋಸ ಮಾಡಿದ್ರಲ್ರೀ! ಎಲ್ಲಿ ತಿಂತೀರಿ ವಡೆನ? ಲಾರಿ ಸ್ಟ್ಯಾಂಡಲ್ಲಾ?"

"ದೇವರಾಣೆಗೂ ಇಲ್ಲ ಟೀಚರೇ!" ಬಾಬಣ್ಣ ಎದ್ದು ನಿಂತರು. ನಿಂತಾಗ ಪ್ಯಾಂಟು ಜಾರಿತು, ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಆಣೆ ಮಾಡಿದರು. "ನೀವು ಹೇಳಿದ ದಿನದಿಂದ ಒಂದು ಬೋಂಡಾ ಮುಟ್ಟಿದ್ರೆ ಕೇಳಿ. ಮತ್ತೆ ಹಯಗ್ರೀವದ ವಿಷಯ ಆದ್ರೆ ಅದು ನಂದಲ್ಲ, ಐತಾಳರದ್ದು."

"ಯಾವ ಹಯಗ್ರೀವ?"

ಜಲಜಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಮಹಡಿಯಿಂದ ಇಳಿದು ಬಂದಿದ್ದರು. ಅವರ ಮುಖ ಬಿಳಿಚಿಕೊಂಡಿತು.

"ನಿಮಗೆ ಗೊತ್ತಿಲ್ವಾ? ದಿನಾ ಮಧ್ಯಾಹ್ನ ನೀವು ಊಟಕ್ಕೆ ಕೂತ ಕೂಡಲೇ ಐತಾಳರು ಒಳಗೆ ಕೂತು ಹಯಗ್ರೀವ ತಿನ್ನುದು. ಕಡಲೆಬೇಳೆ, ಬೆಲ್ಲ, ತುಪ್ಪ ಹಾಕಿದ್ದು ಒಂದು ಬಟ್ಟಲು. ನಮಗೆಲ್ಲ ಸುಳಿವು ಸಿಗ್ತದಲ್ಲ. ನಿಮಗೂ ಗೊತ್ತುಂಟು ಅಂತ ಎಣಿಸಿದ್ದು ನಾವು. ನೀವೇ ಅಲ್ವಾ ರುಚಿ ರುಚಿ ಅಂತ ಹೊಗಳ್ತಾ ಇದ್ದದ್ದು!"

ದಾರಿಗೆ ಬಂದ ನನ್ನ ನಾಲಿಗೆ ಎಂಥದ್ದೆಂದು ಆಗ ತಿಳಿಯಿತು. ಅಡುಗೆಮನೆಗೆ ನುಗ್ಗಿದೆ. ಐತಾಳರು ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ನನ್ನನ್ನು ಕಂಡು ಎಂದಿನ ಹಾಗೆ ನಕ್ಕರು.

"ನಾನು ನಿಮಗೆ ಏನು ಅನ್ಯಾಯ ಮಾಡಿದ್ದೆ ಐತಾಳ್ರೇ?"

"ಎಂತಾಯ್ತು ಅಮ್ಮ?"

"ಹಯಗ್ರೀವ ತಿಂತೀರಂತಲ್ಲ, ನಾನು ಹಾಗಲಕಾಯಿ ತಿನ್ನೋ ಹೊತ್ತಿಗೆ ಸರಿಯಾಗಿ."

ಅವರಿಗೆ ನಾಚಿಕೆಯಾಯಿತು, ಆದರೆ ತಪ್ಪು ಮಾಡಿದವರ ನಾಚಿಕೆ ಅಲ್ಲ ಅದು, ಗುಟ್ಟಾಗಿ ಮಾಡಿದ ಉಪಕಾರ ಬಯಲಾದವರದ್ದು. "ಮತ್ತೆಂತ ಮಾಡುದು ಅಮ್ಮ? ಮೊದಲೆರಡು ದಿನ ನೀವು ಕಣ್ಣೀರು ಹಾಕ್ಕೊಂಡು ಉಂಡದ್ದು ನೋಡ್ಲಿಕ್ಕೆ ಆಗ್ಲಿಲ್ಲ ನನಗೆ. ನನ್ನಪ್ಪನ ಕಾಲದಿಂದ ಈ ಹೋಟೆಲಲ್ಲಿ ಯಾರೂ ಸಪ್ಪೆ ಮುಖ ಮಾಡ್ಕೊಂಡು ಎದ್ದವರಿಲ್ಲ. ತೆಳ್ಳಗಾಗಬೇಕು ಅಂತ ಈಗಿನವರಿಗೆ ಒಂದು ಹುಚ್ಚು, ಆಗ್ಲಿ, ಬಾಯಿಗಾದ್ರೂ ಒಂದಿಷ್ಟು ಸುಖ ಸಿಗ್ಲಿ ಅಂತ ಎಣಿಸಿದೆ. ನನಗೂ ಇಷ್ಟು ಸಿಹಿ ಆಗುದಿಲ್ಲ ಅಮ್ಮ, ನಿಮಗೋಸ್ಕರ ತಿಂದದ್ದು."

ಆಗ ನಾನು ಹೇಳಿದೆ. ನಿಂತಲ್ಲೇ, ಒಲೆಯ ಮುಂದೆ, ಎಲ್ಲವನ್ನೂ ಹೇಳಿದೆ. ಎದುರಿನ ಆಸ್ಪತ್ರೆಯಲ್ಲಿ ನನ್ನ ತಂಗಿ ಇದ್ದಾಳೆ, ಅವಳಿಗೆ ಲಿವರ್ ಕೊಡಬೇಕು, ಅದರ ಕೊಬ್ಬು ಕರಗಬೇಕು, ಇರುವುದು ಅರ್ಧ ತಿಂಗಳು, ಕರಗದಿದ್ದರೆ ಅವಳು ಉಳಿಯುವುದಿಲ್ಲ. ಹೇಳುತ್ತ ಹೇಳುತ್ತ ನನ್ನ ದನಿ ಒಡೆಯಿತು. ಖೊಖೊ ಫೈನಲ್ ಸೋತಾಗಲೂ ಒಡೆಯದ ದನಿ ಅದು.

ಐತಾಳರ ಕೈಯಿಂದ ಕಾಯಿಯ ಹೋಳು ಜಾರಿ ಬಿತ್ತು. ಆಮೇಲೆ ಬೈರಾಸಿನಿಂದ ಮುಖ ಒರೆಸಿಕೊಂಡರು.

"ಒಂದು ಮಾತು ಮೊದಲೇ ಹೇಳಬಾರದಿತ್ತಾ ಅಮ್ಮ? ಎಂಥ ಪಾಪದ ಕೆಲಸ ಮಾಡಿಸಿದ್ರಿ ನನ್ನ ಹತ್ರ. ನೀವು ಈಗಲೇ ಬೇರೆ ಪಂಕ್ತಿಗೆ ಹೋಗಿ. ಎದುರು ಸಾಲಲ್ಲಿ ಉಪವಾಸದ ಅಜ್ಜಿಯೊಬ್ಬರಿದ್ದಾರೆ, ನಾನೇ ಕೂರಿಸ್ತೇನೆ."

ನಾನು ಯೋಚಿಸಿದೆ. ಗುರುತಿಲ್ಲದ ಅಜ್ಜಿ ಏಕಾದಶಿಯ ಮರುದಿನ ಏನು ತಿನ್ನುತ್ತಾರೋ ಯಾರು ಕಂಡರು. ಇಲ್ಲಿ ಯಾರು ಏನು ಮಾಡಿದರು, ಯಾಕೆ ಮಾಡಿದರು ಎಂದಾದರೂ ಗೊತ್ತಾಗಿತ್ತು. ಸೋತ ಟೀಮನ್ನು ಮನೆಗೆ ಕಳಿಸಿ ಹೊಸ ಮಕ್ಕಳನ್ನು ತಂದು ಗೆದ್ದವಳು ನಾನಲ್ಲ. ಸೋತವರನ್ನೇ ಮೈದಾನಕ್ಕೆ ಇಳಿಸಿ ಗೆದ್ದವಳು.

"ನಾನೆಲ್ಲೂ ಹೋಗಲ್ಲ. ನೀವು ಹಾಳು ಮಾಡಿದ್ದೀರಿ, ನೀವೇ ಸರಿ ಮಾಡ್ತೀರಿ. ನಾಳೆಯಿಂದ ಪಂಕ್ತಿಗೆಲ್ಲ ಒಂದೇ ಅಡುಗೆ."

"ನಾನು ನಾಳೆಯಿಂದ ಉಪವಾಸವೇ ಕೂರ್ತೇನೆ."

"ಉಪವಾಸ ಬಿದ್ದು ನೀವು ಮಲಗಿದ್ರೆ ನನಗೆ ಅಡುಗೆ ಮಾಡೋರು ಯಾರು? ಹಿತವಾಗಿ, ಮಿತವಾಗಿ, ನನ್ನಷ್ಟೇ ತಿನ್ನಿ. ಅದಕ್ಕಿಂತ ಒಂದು ತುತ್ತು ಹೆಚ್ಚಾದ್ರೂ ನನಗೆ ಗೊತ್ತಾಗುತ್ತೆ."

ಗೊತ್ತಾಗುವಂತೆ ನಾನು ಕಲಿತೆ. ಜಲಜಕ್ಕನೇ ಕಲಿಸಿದರು. ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತುಕೊಳ್ಳುತ್ತಿದ್ದೆ, ಅವರು ಕೆಳಗೆ ಒಂದು ಸೌತೆಕಾಯಿ ಹೋಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಿಧಾನವಾಗಿ ಸುಳಿವು ಹಿಡಿಯಲು ಬಂತು. ಬಾಬಣ್ಣನದ್ದು ಅಗಿಯದೆ ನುಂಗುವ ಅವಸರ. ಜಲಜಕ್ಕನದ್ದು ಹಕ್ಕಿ ಕುಕ್ಕಿದ ಹಾಗೆ ಚೂರುಚೂರು. ಐತಾಳರು ಪ್ರತಿ ತುತ್ತನ್ನೂ ಬಾಯೊಳಗೆ ಒಂದು ಸುತ್ತು ತಿರುಗಿಸಿ, ಉಪ್ಪು ಹುಳಿ ವಿಚಾರಿಸಿ, ಆಮೇಲೆ ಒಳಗೆ ಬಿಡುವವರು. ಪರೀಕ್ಷೆಗೆಂದು ಬಾಬಣ್ಣ ಒಮ್ಮೆ ಲಾರಿ ಸ್ಟ್ಯಾಂಡಿನಲ್ಲಿ ಒಂದೇ ಒಂದು ಕಡಲೆಬೀಜ ತಿಂದು ಬಂದರು. ಬಾಗಿಲಲ್ಲೇ ಹಿಡಿದೆ. ಆಮೇಲೆ ಅವರು ಪರೀಕ್ಷೆ ಮಾಡುವುದನ್ನು ಬಿಟ್ಟರು.

ನಮ್ಮ ಪಂಕ್ತಿಯನ್ನು ನೋಡಲು ಬೇರೆ ಪಂಕ್ತಿಯವರು ಕತ್ತು ತಿರುಗಿಸುತ್ತಿದ್ದರು. ಐತಾಳರ ಹೋಟೆಲಿನಲ್ಲಿ ಐತಾಳರೇ ಒಗ್ಗರಣೆಯಿಲ್ಲದ ಸೊಪ್ಪು ತಿನ್ನುವುದನ್ನು ಆ ಊರು ಹಿಂದೆ ಕಂಡಿರಲಿಲ್ಲ. ಊಟವಾದ ಮೇಲೆ ನಾನು ಮೆಟ್ಟಿಲು ಹತ್ತುವಾಗ ಮೂವರೂ ಹಿಂದೆ ಬರುತ್ತಿದ್ದರು. ಬೆವರು ಹಂಚಿಕೆಯಾಗುವುದಿಲ್ಲ, ನೀವು ಬರುವ ಅಗತ್ಯವಿಲ್ಲ ಎಂದರೂ ಕೇಳಲಿಲ್ಲ. ಬಾಬಣ್ಣ ಕಂಬಿ ಹಿಡಿದು ಉಸ್ಸೆನ್ನುತ್ತಿದ್ದರು, ಐತಾಳರು ಪ್ರತಿ ಮಹಡಿಯಲ್ಲೂ ದೇವರನ್ನು ಕರೆಯುತ್ತಿದ್ದರು. "ಎಡ ಬಲ, ಎಡ ಬಲ, ಬೆನ್ನು ನೆಟ್ಟಗೆ!" ಎಂದು ನಾನು ಕೂಗುವುದು ರಸ್ತೆಗೂ ಕೇಳುತ್ತಿತ್ತಂತೆ. ಶಶಿಯ ವಾರ್ಡಿನ ಕಿಟಕಿ ರಸ್ತೆಯ ಕಡೆಗಿತ್ತು. ಅಕ್ಕನ ದನಿ ಕೇಳಿದರೆ ನಿದ್ದೆ ಚೆನ್ನಾಗಿ ಬರುತ್ತದೆ ಎಂದಳು.

ತಿಂಗಳ ಕೊನೆಗೆ ನಾನು ಸ್ಕ್ಯಾನಿಗೆ ಹೋದಾಗ ಮೂವರೂ ಆಸ್ಪತ್ರೆಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಡಾಕ್ಟರ್ ನಿಖತ್ ಪರದೆ ನೋಡಿದರು, ನನ್ನನ್ನು ನೋಡಿದರು, ಬಾಗಿಲು ತೆರೆದು ಹೊರಗಿನವರನ್ನೂ ನೋಡಿದರು. ಸಡಿಲವಾದ ಪ್ಯಾಂಟಿನ ಬಾಬಣ್ಣ, ಕೆನ್ನೆ ಒಳಗೆ ಹೋದ ಐತಾಳರು, ಮೊದಲೇ ತೆಳ್ಳಗಿದ್ದ ಜಲಜಕ್ಕ. ಡಾಕ್ಟರಿಗೆ ಎಲ್ಲ ಅರ್ಥವಾಯಿತು, ಆ ಊರಿನವರೇ ತಾನೇ.

"ಪಂಕ್ತಿಯನ್ನು ವಿಚಾರಿಸದೇ ನಿಮ್ಮನ್ನು ಕಳ್ಳಿ ಅಂದಿದ್ದೆ, ತಪ್ಪಾಯ್ತು," ಎಂದರು. "ಕರಗಿದೆ. ಸಾಕಷ್ಟು ಕರಗಿದೆ. ಗುರುವಾರ ಮಾಡಿಬಿಡೋಣ."

ಬುಧವಾರ ಸಂಜೆ ಅವರು ಹೋಟೆಲಿಗೇ ಬಂದರು. ಆ ಊರಿನಲ್ಲಿ ಆಪರೇಷನ್ನಿಗೆ ಮೊದಲು ಡಾಕ್ಟರು ರೋಗಿಗೆ ಮಾತ್ರ ಉಪವಾಸ ಹೇಳಿದರೆ ಸಾಲದು, ಪಂಕ್ತಿಗೂ ಹೇಳಬೇಕು.

"ಇವತ್ತು ರಾತ್ರಿಯಿಂದ ನೀವು ಮೂವರೂ ಏನೂ ಮುಟ್ಟಬಾರದು. ಚಹಾ ಇಲ್ಲ, ನೀರು ಕೂಡ ಇಲ್ಲ. ನಿಮ್ಮ ಹೊಟ್ಟೆಗೆ ಹೋದದ್ದು ಇವರ ಹೊಟ್ಟೆಗೆ ಬಂದ್ರೆ ಅರಿವಳಿಕೆಯಲ್ಲಿ ಉಸಿರು ಕಟ್ಟಬಹುದು. ಇವರದ್ದು ಮಧ್ಯಾಹ್ನಕ್ಕೆ ಮುಗೀತದೆ. ತಂಗಿಯದ್ದು ತುಂಬ ಹೊತ್ತು ಹಿಡೀತದೆ, ಕಷ್ಟದ ಕೆಲಸ ಅದು. ಟೀಚರದ್ದು ಮುಗಿದ ಸ್ವಲ್ಪ ಹೊತ್ತಿಗೆ ನೀವು ಒಂದೊಂದು ಗುಟುಕು ನೀರು ಕುಡಿಯಬಹುದು. ಹೇಳಿ ಕಳಿಸ್ತೇನೆ."

"ಇಲ್ಲ ಡಾಕ್ಟ್ರೇ," ಐತಾಳರು ಕೈಮುಗಿದರು. "ತಂಗಿಯಮ್ಮನದ್ದೂ ಆಗ್ಲಿ. ಅವರು ಉಳಿದ್ರು ಅಂತ ನೀವೇ ಹೇಳಿ ಕಳಿಸುವವರೆಗೆ ಈ ಪಂಕ್ತಿಯವರು ಹನಿ ನೀರೂ ಕುಡಿಯುದಿಲ್ಲ."

ನಾನು ಬೈದೆ. ಬೇಸಿಗೆ, ಒಲೆಯ ಮುಂದಿನ ಕೆಲಸ, ಹುಚ್ಚಾಟ ಬೇಡ ಎಂದೆ. ಮೆಟ್ಟಿಲು ಹತ್ತುವ ವಿಷಯ ಬಿಟ್ಟರೆ ಇಡೀ ತಿಂಗಳಿನಲ್ಲಿ ನನ್ನ ದನಿಗೆ ಅವರು ಒಪ್ಪದಿದ್ದದ್ದು ಅದೊಂದೇ ಸಲ. ಜಲಜಕ್ಕ ಸುಮ್ಮನೆ ತಲೆ ಅಲ್ಲಾಡಿಸಿದರು. ಬಾಬಣ್ಣ, "ನಾವು ಔಟಾಗುದಿಲ್ಲ ಟೀಚರೇ, ನೀವು ಹೋಗಿ ಬನ್ನಿ," ಎಂದರು.

ಬೆಳಿಗ್ಗೆ ನನ್ನನ್ನೂ ಶಶಿಯನ್ನೂ ಅಕ್ಕಪಕ್ಕದ ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಹೋದರು. ಎರಡು ಥಿಯೇಟರುಗಳ ಬಾಗಿಲು ಬರುವವರೆಗೆ ಅವಳು ನನ್ನ ಬೆರಳು ಹಿಡಿದಿದ್ದಳು. "ಅಕ್ಕ, ಭಯ ಆಗ್ತಿದೆ," ಎಂದಳು. "ನನಗಿಲ್ಲ, ಇಬ್ಬರದ್ದೂ ಸೇರಿಸಿ ನೀನೇ ಪಡು," ಎಂದೆ. ಅವಳು ನಕ್ಕಳು. ಬೆರಳು ಬಿಟ್ಟುಹೋಯಿತು.

ಕಣ್ಣು ಬಿಟ್ಟಾಗ ತಲೆಯ ಮೇಲೆ ಬಿಳಿ ಛಾವಣಿ, ಮೂಗಿನಲ್ಲಿ ನಳಿಗೆ, ಹೊಟ್ಟೆಯ ಮೇಲೆ ಬೆಂಕಿಯಿಟ್ಟ ಹಾಗೆ ನೋವು. ಅದಕ್ಕಿಂತ ಹೆಚ್ಚಾಗಿ ಬಾಯಾರಿಕೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಗಂಟಲು ಒಣಗಿ ಬಿರಿಯುತ್ತಿತ್ತು. ಆಗಷ್ಟೇ ಡ್ಯೂಟಿಗೆ ಬಂದ ನರ್ಸೊಬ್ಬಳು ಬಾಟಲಿ ಬದಲಿಸುತ್ತಿದ್ದಳು.

"ನನ್ನ ತಂಗಿ?"

"ಗೊತ್ತಿಲ್ಲಮ್ಮ. ಆ ಥಿಯೇಟರ್ ಬಾಗಿಲು ಇನ್ನೂ ತೆರೆದಿಲ್ಲ ಅಂತ ಕೇಳಿದೆ. ನೀವು ಮಾತಾಡಬೇಡಿ."

"ನೀರು."

"ಡಾಕ್ಟ್ರು ಹೇಳುವವರೆಗೆ ಕೊಡುವ ಹಾಗಿಲ್ಲಮ್ಮ."

ಎಷ್ಟು ಹೊತ್ತು ಹಾಗೆ ಮಲಗಿದ್ದೆನೋ. ಕಿಟಕಿಯ ಬಿಸಿಲು ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಒಣಗಿದ ಗಂಟಲೊಂದೇ ನನಗೆ ಗೊತ್ತಿದ್ದ ಸುದ್ದಿ. ರಸ್ತೆಯ ಆಚೆ ಅವರೂ ಹೀಗೇ ಒಣಗಿ ಕೂತಿದ್ದಾರೆ, ಅಂದರೆ ಇನ್ನೂ ಯಾರೂ ಏನೂ ಹೇಳಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಕೈಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಹೆದರಿಕೆಯಾಯಿತು. ಸಣ್ಣ ಮಗುವಿಗೆ ಆಗುವಂಥ ಹೆದರಿಕೆ. ಶಶಿ, ಶಶಿ ಎಂದು ಒಳಗೊಳಗೇ ಕರೆದೆ.

ಆಗ ಗಂಟಲಿನಲ್ಲಿ ತಂಪು ಸುಳಿಯಿತು.

ಮೊದಲು ಭ್ರಮೆ ಎಂದುಕೊಂಡೆ. ಉಸಿರು ಬಿಗಿಹಿಡಿದೆ. ಮತ್ತೆ ಬಂತು. ಒಂದು ಗುಟುಕು ನೀರು, ಬಾಯೊಳಗೆ ನಿಧಾನ ಒಂದು ಸುತ್ತು ತಿರುಗಿ ಕೆಳಗಿಳಿಯಿತು. ಅದರ ಹಿಂದೆಯೇ ಇನ್ನೊಂದು, ಗಟಗಟ ಅವಸರದ್ದು. ಆಮೇಲೆ ಇಷ್ಟಿಷ್ಟೇ, ಇಷ್ಟಿಷ್ಟೇ, ಚೂರುಚೂರಾಗಿ ಮೂರನೆಯದು. ನನ್ನ ಕಣ್ಣಿನಿಂದ ನೀರು ಇಳಿದು ಎರಡೂ ಕಿವಿಗಳನ್ನು ತುಂಬಿತು.

ನರ್ಸು ಗಾಬರಿಯಾಗಿ ಬಗ್ಗಿದಳು. "ನೋವಾಗ್ತಾ ಉಂಟಾ ಅಮ್ಮ?"

"ಇಲ್ಲ," ಎಂದೆ. ಗಂಟಲು ಒದ್ದೆಯಾಗಿತ್ತು, ಮಾತು ಸಲೀಸಾಗಿ ಬಂತು. "ನನ್ನ ತಂಗಿ ಉಳಿದಳು."